ಅನುಮಾನ ಬಿತ್ತುವವರು ಉತ್ತರಕ್ಕೆ ಕಾಯುವುದಿಲ್ಲ

ಪ್ರಶ್ನೆ: ನನ್ನ ತಮ್ಮ ಬಹಳ ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಓದಿದವನು, ಎಂಜಿನಿಯರ್. 2020ರ ಅಧ್ಯಕ್ಷೀಯ ಚುನಾವಣೆಯ ನಂತರ ಅಲ್ಲಿನ ಟಿ.ವಿ. ವಿಶ್ಲೇಷಕರ ಮಾತುಗಳನ್ನು ರಾತ್ರಿ ಬಹಳ ಹೊತ್ತು ಕೇಳುತ್ತಿದ್ದ. ಇಂದಿಗೂ ಆ ಮಾತು ಬಂದರೆ “ಏನೋ ನಡೆದಿದೆ, ಅಕ್ಕ” ಎನ್ನುತ್ತಾನೆ. ಏನು ನಡೆದಿದೆ ಎಂದು ಕೇಳಿದರೆ ಹೇಳಲು ಅವನ ಬಳಿ ಏನೂ ಇಲ್ಲ. ಇಲ್ಲಿ ನಮ್ಮ ಮತಯಂತ್ರಗಳ ಬಗ್ಗೆಯೂ ಅಂಥದೇ ಮಾತು ಕೇಳುತ್ತಿದ್ದೇನೆ. ನೇರವಾಗಿ ಸುಳ್ಳು ಹೇಳದೆ ಈ ವಿಶ್ಲೇಷಕರು ಜನರ ನಂಬಿಕೆಯನ್ನು ಕದಡುವುದು ಹೇಗೆ? ಹಾಗೆಂದು ಸಂದೇಹಪಡುವುದೇ ತಪ್ಪೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಂದೇಹಪಡುವುದು ತಪ್ಪಲ್ಲ. ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರ ಅರಿವಿಗೆ ಬೇಕಾದ ಹದಿನಾರು ಪದಾರ್ಥಗಳನ್ನು, ಅಂದರೆ ವಿಚಾರದ ವಿಷಯಗಳನ್ನು, ಎಣಿಸುವಾಗ ಪ್ರಮಾಣ (ಅರಿಯುವ ಸಾಧನ), ಪ್ರಮೇಯಗಳ (ಅರಿಯಬೇಕಾದದ್ದು) ಬೆನ್ನಿಗೇ ಮೂರನೆಯದಾಗಿ ಸಂಶಯವನ್ನು ಇಟ್ಟಿದೆ. ಸಂಶಯವೇ ಹುಟ್ಟದವನು ವಿಚಾರಕ್ಕೆ ಕೈಹಾಕುವುದಿಲ್ಲ. ಆದರೆ ಅದೇ ಎಣಿಕೆಯಲ್ಲಿ ಒಂಬತ್ತನೆಯದು ನಿರ್ಣಯ. ಮೂರರಿಂದ ಹೊರಟವನು ದೃಷ್ಟಾಂತ, ತರ್ಕಗಳನ್ನು ಹಾದು ಒಂಬತ್ತಕ್ಕೆ ಬಂದು ಮುಟ್ಟಬೇಕು. ಪ್ರಾಮಾಣಿಕ ಸಂದೇಹಕ್ಕೆ ಹೀಗೊಂದು ದಾರಿಯೂ ಇದೆ, ತಲುಪಬೇಕಾದ ಊರೂ ಇದೆ.

ಅದೇ ಶಾಸ್ತ್ರ ಮಾತಿನ ಕಾಳಗವನ್ನು ಮೂರು ಬಗೆಯಾಗಿ ನೋಡುತ್ತದೆ. ಸತ್ಯ ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಮುಂದಿಡದೆ ಎದುರಿನವನ ಪಕ್ಷವನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ. ನಾವು ದಿನಬಳಕೆಯಲ್ಲಿ ವಿತಂಡವಾದ ಎಂಬ ಮಾತನ್ನು ಮೊಂಡುವಾದ ಎಂಬ ಅರ್ಥದಲ್ಲಿ ಸವೆಸಿಬಿಟ್ಟಿದ್ದೇವೆ. ಅದರ ಮೂಲ ಅರ್ಥ ಇದಕ್ಕಿಂತ ಹರಿತವಾದದ್ದು. ವಿತಂಡಿಗೆ ತಾನು ಏನನ್ನೂ ಸಾಧಿಸಿ ತೋರಿಸುವ ಹೊಣೆ ಇಲ್ಲ, ಆದ್ದರಿಂದ ಅವನು ಸೋಲುವುದೂ ಇಲ್ಲ. ನಿಮ್ಮ ತಮ್ಮನ “ಏನೋ ನಡೆದಿದೆ” ಎಂಬ ಮಾತಿನಲ್ಲಿ ಕರ್ತೃ ಇಲ್ಲ, ಕೃತ್ಯ ಇಲ್ಲ, ಜಾಗ ಇಲ್ಲ, ದಿನಾಂಕ ಇಲ್ಲ. ಅಲ್ಲಗಳೆಯೋಣವೆಂದರೆ ಹಿಡಿಯಲು ಒಂದು ತುದಿಯೂ ಸಿಗುವುದಿಲ್ಲ. ಅವನು ದಡ್ಡನಾದ್ದರಿಂದ ಹೀಗಾಯಿತು ಎಂದು ಭಾವಿಸಬೇಡಿ. ಬಹಳ ಕುಶಲಿಗಳು ಬಹಳ ಹೊತ್ತು ಅವನ ಕಿವಿಯ ಬಳಿ ಕೆಲಸ ಮಾಡಿದ್ದಾರೆ.

ನಾನು ಉದಾಹರಣೆಗೆ ಆ ಅಮೆರಿಕದ ಪ್ರಕರಣವನ್ನೇ ಆರಿಸಿಕೊಳ್ಳುತ್ತೇನೆ. ನಿಮ್ಮ ತಮ್ಮ ಅಲ್ಲಿದ್ದಾನೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ದೊಡ್ಡದು. ಸಾಮಾನ್ಯವಾಗಿ ಒಬ್ಬ ವಿಶ್ಲೇಷಕ ಪರದೆಯ ಮೇಲೆ ಅನುಮಾನ ವ್ಯಕ್ತಪಡಿಸಿದಾಗ ಅದು ಅವನ ನಿಜವಾದ ಅನುಮಾನವೋ, ಹೊಸೆದದ್ದೋ ಎಂದು ನಮಗೆ ತಿಳಿಯುವುದಿಲ್ಲ, ಮನಸ್ಸಿನೊಳಗೆ ಇಣುಕಲಾಗುವುದಿಲ್ಲ. ಈ ಪ್ರಕರಣದಲ್ಲಿ ಮಾತ್ರ ನ್ಯಾಯಾಲಯದ ಮೂಲಕ ಅವರ ಖಾಸಗಿ ಸಂದೇಶಗಳು ಹೊರಬಂದವು. ಹೊರಗೆ ಆಡಿದ್ದನ್ನೂ ಒಳಗೆ ಬರೆದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಅವಕಾಶ ಬಹಳ ಅಪರೂಪ.

ನಡೆದದ್ದು ಹೀಗೆ. 2020ರ ನವೆಂಬರ್ 3ರಂದು ಮತದಾನ. ನವೆಂಬರ್ 7ರಂದು ಅಲ್ಲಿನ ಪ್ರಮುಖ ಸುದ್ದಿಸಂಸ್ಥೆಗಳು ಜೋ ಬೈಡನ್ ಗೆದ್ದರೆಂದು ಪ್ರಕಟಿಸಿದವು. ಮರುದಿನವೇ, ಟ್ರಂಪ್ ಪರ ನಿಂತಿದ್ದ ವಕೀಲೆ ಸಿಡ್ನಿ ಪವೆಲ್ ಫಾಕ್ಸ್ ಸುದ್ದಿವಾಹಿನಿಯ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡು ಡೊಮಿನಿಯನ್ ಎಂಬ ಕಂಪನಿಯ ಮತಯಂತ್ರಗಳು ಮತಗಳನ್ನು ಅದಲುಬದಲು ಮಾಡಿದವೆಂಬ ಆರೋಪ ಹೊರಿಸಿದರು. ಮುಂದಿನ ವಾರಗಳಲ್ಲಿ ಈ ಕಥೆ ಬೆಳೆಯಿತು. ವೆನೆಜುವೆಲಾದ ಅಧ್ಯಕ್ಷರಾಗಿದ್ದ ಹ್ಯೂಗೊ ಚಾವೆಜ್ ಅವರಿಗಾಗಿ ಹುಟ್ಟಿದ ಕಂಪನಿ ಅದೆಂಬ ಮಾತೂ ಸೇರಿಕೊಂಡಿತು. ಡೊಮಿನಿಯನ್ ಕಂಪನಿ ಆರಂಭವಾದದ್ದು ಕೆನಡಾದ ಟೊರಾಂಟೊದಲ್ಲಿ.

ನವೆಂಬರ್ 18ರಂದು ಆ ವಾಹಿನಿಯ ಅತಿ ಹೆಚ್ಚು ಪ್ರೇಕ್ಷಕರಿದ್ದ ನಿರೂಪಕರಲ್ಲೊಬ್ಬರಾದ ಟಕರ್ ಕಾರ್ಲ್‌ಸನ್ ತಮ್ಮ ಸಹೋದ್ಯೋಗಿ ಲಾರಾ ಇಂಗ್ರಹಾಮ್ ಅವರಿಗೆ ಸಂದೇಶ ಬರೆದು, ಪವೆಲ್ ಸುಳ್ಳು ಹೇಳುತ್ತಿದ್ದಾರೆ, ತಾನದನ್ನು ಹಿಡಿದಿದ್ದೇನೆ ಎಂದರು. ಪವೆಲ್‌ಗೆ ಪೂರ್ತಿ ತಲೆಕೆಟ್ಟಿದೆ ಎಂಬರ್ಥದ ಉತ್ತರ ಇಂಗ್ರಹಾಮ್ ಅವರಿಂದ ಬಂತು. ನಮ್ಮ ವೀಕ್ಷಕರು ಒಳ್ಳೆಯ ಜನ, ಅವರು ಇದನ್ನು ನಂಬುತ್ತಿದ್ದಾರೆ ಎಂದು ಕಾರ್ಲ್‌ಸನ್ ನೊಂದು ಬರೆದರು. ಮರುದಿನದ ಕಾರ್ಯಕ್ರಮದಲ್ಲಿ ಅವರು ಪವೆಲ್ ಅವರನ್ನು ಪ್ರಸ್ತಾಪಿಸಿದ್ದು ನಿಜ. ಮತ್ತೆ ಮತ್ತೆ ಕೇಳಿದರೂ ಸಾಕ್ಷ್ಯ ಕೊಟ್ಟಿಲ್ಲ ಎಂದು ವೀಕ್ಷಕರಿಗೆ ತಿಳಿಸಿದರು, ಅದಕ್ಕಾಗಿ ವೀಕ್ಷಕರ ಕೋಪಕ್ಕೂ ಗುರಿಯಾದರು. ಅಷ್ಟರ ಮಟ್ಟಿಗೆ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಆದರೂ ಒಳಗೆ “ಸುಳ್ಳು” ಎಂದದ್ದು ಹೊರಗೆ ಬರುವಷ್ಟರಲ್ಲಿ “ಸಾಕ್ಷ್ಯ ಬಂದಿಲ್ಲ” ಎಂದಾಗಿತ್ತು. ಸಾಕ್ಷ್ಯ ಬಂದಿಲ್ಲ ಎಂಬ ಮಾತಿಗೆ ನಾಳೆ ಬರಬಹುದು ಎಂಬ ಬಾಲ ತಾನಾಗಿಯೇ ಅಂಟಿಕೊಳ್ಳುತ್ತದೆ. ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ್ದು ಈ ಎರಡು ಮಾತುಗಳ ನಡುವಿನ ಅಂತರ. ಅದಕ್ಕೂ ಕೆಲವು ದಿನ ಮೊದಲು, ನವೆಂಬರ್ 12ರಂದು, ಟ್ರಂಪ್ ಅವರ ಹೇಳಿಕೆಯೊಂದನ್ನು ಪರಿಶೀಲಿಸಿ ಬರೆದ ತಮ್ಮದೇ ವಾಹಿನಿಯ ವರದಿಗಾರ್ತಿಯನ್ನು ಕೆಲಸದಿಂದ ತೆಗೆಸಬೇಕು, ಇದರಿಂದ ಕಂಪನಿಗೆ ನಷ್ಟವಾಗುತ್ತಿದೆ, ಷೇರಿನ ಬೆಲೆ ಇಳಿದಿದೆ ಎಂದು ಇದೇ ಕಾರ್ಲ್‌ಸನ್ ಸಹೋದ್ಯೋಗಿಗಳಿಗೆ ಬರೆದಿದ್ದರು.

ಡೊಮಿನಿಯನ್ 160 ಕೋಟಿ ಡಾಲರ್ ಪರಿಹಾರ ಕೋರಿ ಫಾಕ್ಸ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. 2023ರ ಮಾರ್ಚ್ 31ರಂದು ಡೆಲಾವೇರ್ ನ್ಯಾಯಾಲಯದ ನ್ಯಾಯಾಧೀಶ ಎರಿಕ್ ಡೇವಿಸ್, ಡೊಮಿನಿಯನ್ ಬಗ್ಗೆ ಪ್ರಸಾರವಾದ ಆ ಹೇಳಿಕೆಗಳಲ್ಲಿ ಒಂದೂ ನಿಜವಲ್ಲ ಎಂಬುದು ಸ್ಫಟಿಕದಷ್ಟು ಸ್ಪಷ್ಟ ಎಂದು ಬರೆದರು. ಏಪ್ರಿಲ್ 18ರಂದು, ವಿಚಾರಣೆ ಶುರುವಾಗುವ ಹೊಸ್ತಿಲಲ್ಲಿ, ಫಾಕ್ಸ್ 78.75 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಇನ್ನು ಉಪಾಯಗಳಿಗೆ ಬರೋಣ. ಇವುಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಬಲವಾದದ್ದೂ ಪ್ರಶ್ನೆ. “ನಾನು ಏನನ್ನೂ ಹೇಳುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ.” ಈ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರೋ! ಒಂದು ವಾಕ್ಯವನ್ನು ಬಿಡಿಸಿ ನೋಡೋಣ: “ಎಣಿಕೆ ಕೇಂದ್ರದ ಬಾಗಿಲನ್ನು ರಾತ್ರಿ ಎರಡು ಗಂಟೆಗೆ ಯಾಕೆ ಮುಚ್ಚಿದರು?” ಕೇಳಿದವನು ಏನನ್ನೂ ಪ್ರತಿಪಾದಿಸಿಲ್ಲ. ಆದರೆ ಬಾಗಿಲು ಮುಚ್ಚಿದ್ದು ನಿಜ, ಮುಚ್ಚಿದ್ದು ಎರಡು ಗಂಟೆಗೆ, ಆ ಹೊತ್ತಿಗೆ ಮುಚ್ಚಬಾರದಿತ್ತು, ಮುಚ್ಚಿದ್ದರ ಹಿಂದೆ ಉದ್ದೇಶವಿತ್ತು, ಮುಚ್ಚಿದವರು ಯಾರೋ ಇದ್ದಾರೆ ಎಂಬ ಐದು ಸಂಗತಿಗಳು ಪ್ರಶ್ನೆಯ ಹೊಟ್ಟೆಯೊಳಗೆ ಕುಳಿತೇ ಬಂದಿವೆ. ನಮ್ಮ ಭಾಷೆಯಲ್ಲಿ ಈ ಕೆಲಸ ಇನ್ನೂ ಸಲೀಸು. ಕನ್ನಡದ ವಾಕ್ಯಕ್ಕೆ ಕರ್ತೃಪದ ಕಡ್ಡಾಯವಲ್ಲ. “ಮುಚ್ಚಿದರು” ಎಂಬ ಕ್ರಿಯಾಪದದ ತುದಿಯಲ್ಲಿರುವ “ಅರು” ಎಂಬುದೇ ಹೆಸರಿಲ್ಲದ ಒಂದು ಗುಂಪನ್ನು ಕತ್ತಲಲ್ಲಿ ನಿಲ್ಲಿಸಿಬಿಡುತ್ತದೆ. ಆ ಗುಂಪಿಗೆ ಮುಖ ತೊಡಿಸುವ ಕೆಲಸ ಕೇಳುಗನದು. ತಾನೇ ತೊಡಿಸಿದ ಮುಖವನ್ನು ಅವನು ಹೇಗೆ ತಾನೇ ಅನುಮಾನಿಸಿಯಾನು?

ಕೊನೆಯ ವಾಕ್ಯದಲ್ಲಿ ನಾನೇ ಬಳಸಿದ ರೂಪವನ್ನು ಗಮನಿಸಿ. “ಸತ್ಯ ಹೊರಬರುತ್ತದೆಯೇ?” ಎಂದು ಕೇಳಿದರೆ ಅದು ಪ್ರಶ್ನೆ, ಉತ್ತರ ಹೌದೂ ಆಗಬಹುದು, ಇಲ್ಲವೂ ಆಗಬಹುದು. “ಸತ್ಯ ಎಂದಾದರೂ ಹೊರಬಂದೀತೇ?” ಎಂದಾಗ ಉತ್ತರ ಒಳಗೇ ಇದೆ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕರೆಯುವ ಈ ರೂಪಕ್ಕೆ ಏಕಾರ ಸೇರಿದರೆ ಮಾತು ಇಲ್ಲ ಎಂಬ ಕಡೆಗೇ ವಾಲುತ್ತದೆ. “ಬೆಂಕಿಯಿಲ್ಲದೆ ಹೊಗೆಯಾಡೀತೇ?” ಎಂಬ ನಮ್ಮ ಗಾದೆಯೂ ಇದೇ ರೂಪದಲ್ಲಿದೆ. ಅನುಮಾನ ಬಿತ್ತುವವನ ಕೈಗೆ ಸಿಕ್ಕಾಗ ಆ ಗಾದೆ ಬಹಳ ಅಪಾಯಕಾರಿ, ಏಕೆಂದರೆ ಹೊಗೆ ಹಾಕಿದವನೇ ನಿಂತು ಅದನ್ನು ಕೇಳುತ್ತಿರುತ್ತಾನೆ.

ಪ್ರಶ್ನೆಗೆ ಉತ್ತರಿಸಬೇಕಾದವನ ಪಾಡನ್ನೂ ನೋಡಿ. ಕೇಳಲು ಐದು ಸೆಕೆಂಡು ಸಾಕು. ಬಾಗಿಲು ಮುಚ್ಚಿರಲಿಲ್ಲ, ಪಾಳಿ ಬದಲಾಯಿತು, ಎರಡೂ ಪಕ್ಷಗಳ ಏಜೆಂಟರು ಒಳಗಿದ್ದರು ಎಂದು ಒಂದೊಂದಾಗಿ ಬಿಡಿಸಿ ಹೇಳಲು ಐದು ನಿಮಿಷ ಬೇಕು. ಚರ್ಚೆಯಲ್ಲಿ ಅಧಿಕಾರಿಗೆ ಐದು ನಿಮಿಷ ಯಾರು ಕೊಡುತ್ತಾರೆ? ಅರ್ಧದಲ್ಲಿ ತಡೆದರೆ ಜಾರಿಕೊಳ್ಳುತ್ತಿದ್ದಾನೆ ಎನಿಸುತ್ತದೆ, ಪೂರ್ತಿ ಹೇಳಿದರೆ ಇಷ್ಟೊಂದು ಸಮಜಾಯಿಷಿ ಏಕೆ ಎನಿಸುತ್ತದೆ.

ಪ್ರಶ್ನೆಯ ಅಣ್ಣನೋ ತಮ್ಮನೋ ಆಗಿ “ಎನ್ನಲಾಗಿದೆ” ಇದೆ. ಇದರ ಬಗ್ಗೆ ಬರೆಯುವಾಗ ನನ್ನ ಕೈ ಇಂದಿಗೂ ಭಾರವಾಗುತ್ತದೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಹಳ್ಳಿಯ ಸಹಕಾರ ಸಂಘದ ಬಗ್ಗೆ ವರದಿ ಬಂತು. ಕೊನೆಯ ಸಾಲು: “ಸಾಲ ವಿತರಣೆಯಲ್ಲಿ ಅವ್ಯವಹಾರ ನಡೆದಿದೆ ಎನ್ನಲಾಗಿದೆ.” ನಾನು ಕಾಗುಣಿತ ತಿದ್ದಿ ಪುಟಕ್ಕೆ ಬಿಟ್ಟೆ. ಎರಡು ದಿನದ ನಂತರ ಸಂಘದ ಕಾರ್ಯದರ್ಶಿ ಕಚೇರಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಲೆಕ್ಕದ ಪುಸ್ತಕಗಳು. ಕೂಗಾಡಲಿಲ್ಲ. ನನ್ನ ಮೇಜಿನ ಮೇಲೆ ಗಂಟನ್ನಿಟ್ಟು, “ಎನ್ನಲಾಗಿದೆ ಅಂತ ಬರೆದಿದ್ದೀರಿ. ಅಂದವರು ಯಾರು ಹೇಳಿ, ಅವರ ಎದುರಿಗೆ ಇದನ್ನು ಬಿಚ್ಚುತ್ತೇನೆ” ಎಂದರು. ನಾನು ವರದಿಗಾರನಿಗೆ ಫೋನ್ ಮಾಡಿದೆ. ಹೋಟೆಲಿನಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು ಎಂಬ ಉತ್ತರ ಬಂತು. ಒಳಪುಟದಲ್ಲಿ ಮೂರು ಸಾಲಿನ ವಿಷಾದ ಪ್ರಕಟಿಸಿದೆವು. ಆಮೇಲೆ ಒಂದು ಮದುವೆಮನೆಯಲ್ಲಿ ಅವರೇ ಸಿಕ್ಕರು. ಲೆಕ್ಕ ಪರಿಶೋಧನೆ ಆಗಿ ಎಲ್ಲ ಸರಿಯಿದೆ ಎಂದು ಬಂದಿತ್ತಂತೆ. “ಆದರೂ ಊರಲ್ಲಿ ಇನ್ನೂ ಕೇಳುತ್ತಾರೆ, ಅದೇನೋ ಆಗಿತ್ತಂತಲ್ಲ ಅಂತ” ಎಂದು ಹೇಳಿ ಊಟಕ್ಕೆ ಹೋದರು. ನಾನು ಆಮೇಲೆ ಪತ್ರಿಕೋದ್ಯಮ ಪಾಠ ಮಾಡಿದ ಇಷ್ಟೂ ವರ್ಷ ವಿದ್ಯಾರ್ಥಿಗಳಿಗೆ “ಎನ್ನಲಾಗಿದೆ” ಎಂಬ ಪದವನ್ನು ಬಳಸಲು ಬಿಟ್ಟಿಲ್ಲ.

ಇನ್ನೊಂದು ಉಪಾಯ, ಒಂದು ನಿಜವಾದ ಸಣ್ಣ ತಪ್ಪನ್ನು ಹಿಡಿದುಕೊಂಡು ಇಡೀ ಕಟ್ಟಡವನ್ನೇ ಅಲ್ಲಾಡಿಸುವುದು. ಇದರಲ್ಲಿ ಆರಂಭದ ಸಂಗತಿ ನಿಜವಾಗಿರುವುದರಿಂದ ಓದಿದವರೂ ಸಿಕ್ಕಿಬೀಳುತ್ತಾರೆ. ಮಿಷಿಗನ್ ರಾಜ್ಯದ ಉತ್ತರದಲ್ಲಿ ಆಂಟ್ರಿಮ್ ಎಂಬ ಸಣ್ಣ ಕೌಂಟಿ (ನಮ್ಮ ಜಿಲ್ಲೆಯಂಥದು) ಇದೆ, ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಕಡೆಗೇ ವಾಲುವ ಊರುಗಳು. ಮತದಾನದ ರಾತ್ರಿ ಅಲ್ಲಿ ಬೈಡನ್ ಮುಂದಿದ್ದಾರೆ ಎಂಬ ಅನಧಿಕೃತ ಲೆಕ್ಕ ಹೊರಬಿತ್ತು. ಎಲ್ಲರಿಗೂ ಆಶ್ಚರ್ಯ. ಕಾರಣ ಇಷ್ಟೇ: ಕೆಲವು ಕಡೆ ಮತಪತ್ರದಲ್ಲಿ ಕೊನೆಯ ಗಳಿಗೆಯಲ್ಲಿ ಬದಲಾವಣೆಯಾಗಿತ್ತು, ಅದಕ್ಕೆ ತಕ್ಕಂತೆ ಎಲ್ಲ ಯಂತ್ರಗಳನ್ನೂ ಸಜ್ಜುಗೊಳಿಸುವುದು ಕೌಂಟಿ ಕಚೇರಿಯಲ್ಲಿ ತಪ್ಪಿಹೋಗಿತ್ತು. ಆ ಕಚೇರಿಯ ಮುಖ್ಯಸ್ಥೆ ಸ್ವತಃ ರಿಪಬ್ಲಿಕನ್. ತಪ್ಪನ್ನು ಬೇಗನೆ ಕಂಡುಹಿಡಿದು ಸರಿಪಡಿಸಿದರು, ಟ್ರಂಪ್ ಅಲ್ಲಿ ನಿರಾಯಾಸವಾಗಿ ಗೆದ್ದಿದ್ದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಶ್ಲೇಷಕರು ಅದಕ್ಕೆ ಜೋತುಬಿದ್ದರು. ಇಲ್ಲಿ ಹೀಗಾಗಿದ್ದರೆ ಬೇರೆಡೆ ಎಷ್ಟಾಗಿರಬೇಡ? ಸಿಕ್ಕಿದ್ದು ಒಂದು, ಸಿಗದಿರುವುದು ಎಷ್ಟೋ? ತಪ್ಪು ಸಿಕ್ಕಿತು ಎಂಬುದೇ ತಪಾಸಣೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಾಗಿರುವಾಗ ಅದನ್ನೇ ತಿರುಗಿಸಿ ಮೋಸದ ಸಾಕ್ಷಿಯಾಗಿಸಿದರು. ಡಿಸೆಂಬರ್ 17ರಂದು ಆ ಕೌಂಟಿಯ ಅಧ್ಯಕ್ಷೀಯ ಮತಪತ್ರಗಳನ್ನು ಒಂದೊಂದಾಗಿ ಕೈಯಿಂದ ಎಣಿಸಿದರು. ಯಂತ್ರದ ಲೆಕ್ಕಕ್ಕೂ ಕೈಯ ಲೆಕ್ಕಕ್ಕೂ ಬಂದ ನಿವ್ವಳ ವ್ಯತ್ಯಾಸ 12 ಮತ. ಜಾರ್ಜಿಯಾ ರಾಜ್ಯದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದ ಎಣಿಸಿದರು, ಗೆದ್ದವರು ಬದಲಾಗಲಿಲ್ಲ. ಅರಿಜೋನಾ ರಾಜ್ಯದ ಮಾರಿಕೋಪಾ ಕೌಂಟಿಯಲ್ಲಿ, ಟ್ರಂಪ್ ಪರವಾಗಿದ್ದವರೇ ಒತ್ತಾಯಿಸಿ ಖಾಸಗಿ ಕಂಪನಿಯೊಂದರಿಂದ ಮಾಡಿಸಿದ ಪರಿಶೀಲನೆ 2021ರ ಸೆಪ್ಟೆಂಬರಿನಲ್ಲಿ ಮುಗಿದಾಗ ಅಧಿಕೃತ ಲೆಕ್ಕಕ್ಕಿಂತ ಬೈಡನ್ ಅವರಿಗೆ 99 ಮತ ಹೆಚ್ಚಿಗೆ, ಟ್ರಂಪ್ ಅವರಿಗೆ 261 ಮತ ಕಡಿಮೆ ಬಂದವು. ಪ್ರತಿ ಉತ್ತರ ಬಂದಾಗಲೂ ಪ್ರಶ್ನೆ ಬೇರೆ ಊರಿಗೆ ಗುಳೆ ಹೊರಟಿತು. ಕೈ ಎಣಿಕೆ ಸರಿಯಾದರೆ ಸಹಿಗಳ ಮೇಲೆ ಅನುಮಾನ, ಸಹಿ ಸರಿಯಾದರೆ ಅಂಚೆ ಮತಗಳ ಮೇಲೆ, ನ್ಯಾಯಾಲಯ ತಳ್ಳಿಹಾಕಿದರೆ ನ್ಯಾಯಾಲಯದ ಮೇಲೆ. ಅರವತ್ತಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಬಹುತೇಕ ಎಲ್ಲವೂ ಬಿದ್ದುಹೋದವು.

ಪುನರುಕ್ತಿಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೇಕೆ ಹೊತ್ತ ಬ್ರಾಹ್ಮಣನ ಕಥೆ ನಮಗೆಲ್ಲ ಗೊತ್ತು. ಒಬ್ಬ ಕಳ್ಳ ಬಂದು ನಾಯಿಯನ್ನೇಕೆ ಹೊತ್ತಿದ್ದೀಯೆ ಎಂದಾಗ ಬೈದು ಮುಂದೆ ಹೋದವನು ಮೂರನೆಯವನು ಕೇಳಿದಾಗ ಮೇಕೆಯನ್ನು ಇಳಿಸಿ ಓಡಿದ. ಆ ಕಥೆಯಲ್ಲಿ ಕಳ್ಳರು ಬೇರೆ ಬೇರೆ ಕಡೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ನಿಂತಿದ್ದರು. ಅವರ ಬುದ್ಧಿವಂತಿಕೆಯೆಲ್ಲ ಅದರಲ್ಲಿತ್ತು. ಸಂಜೆ ಒಬ್ಬ ವಿಶ್ಲೇಷಕ, ರಾತ್ರಿ ಇನ್ನೊಬ್ಬ, ಬೆಳಗ್ಗೆ ಮೊಬೈಲಿನಲ್ಲಿ ಮತ್ತೊಬ್ಬ. ಮೂವರೂ ಒಂದೇ ಮೂಲದಿಂದ ಎತ್ತಿಕೊಂಡಿದ್ದರೂ ಕೇಳುಗನಿಗೆ ಮೂರು ಸಾಕ್ಷಿಗಳಂತೆ ತೋರುತ್ತದೆ. ಮತ್ತೆ ಮತ್ತೆ ಕೇಳಿದ ಹೇಳಿಕೆ ಹೆಚ್ಚು ನಿಜವೆನಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ನಿಮ್ಮ ತಮ್ಮನಂಥವರು ಸಿಕ್ಕಿಕೊಳ್ಳುವುದು ಬಹುಶಃ ಮತ್ತೊಂದು ಬಲೆಯಲ್ಲಿ, ಅದು ಹೊಗಳಿಕೆ. “ಅವರು ನಿಮ್ಮನ್ನು ದಡ್ಡರೆಂದು ತಿಳಿದಿದ್ದಾರೆ. ನೀವು ಯೋಚಿಸುವವರು. ನೀವೇ ನೋಡಿ ನಿರ್ಧರಿಸಿ.” ಇದನ್ನು ಕೇಳಿದವನಿಗೆ ತಾನು ಮೋಸಹೋಗದ ಕೆಲವರಲ್ಲಿ ಒಬ್ಬನೆಂಬ ಗೌರವ ಸಿಗುತ್ತದೆ. ಪರದೇಶದಲ್ಲಿ ಇಷ್ಟು ವರ್ಷ ಇದ್ದೂ ಪೂರ್ತಿ ಅಲ್ಲಿಯವನಾಗದ ಮನುಷ್ಯನಿಗೆ ಪ್ರತಿ ರಾತ್ರಿ ಯಾರೋ “ನೀನು ನಮ್ಮವನು, ನಿನಗೆ ಅರ್ಥವಾಗುತ್ತದೆ” ಎಂದರೆ ಅದರ ಸೆಳೆತ ಎಷ್ಟಿರುತ್ತದೆಂದು ನಾನು ಊಹಿಸಬಲ್ಲೆ. ಆ ಅನುಮಾನವನ್ನು ಬಿಡುವುದೆಂದರೆ ಆ ಗೌರವವನ್ನೂ ಬಿಟ್ಟಂತೆ. ಅದಕ್ಕೇ ಎಷ್ಟು ದಾಖಲೆ ತೋರಿಸಿದರೂ ಅವರು ಜಗ್ಗುವುದಿಲ್ಲ.

ಕೊನೆಗೆ ಸಿಕ್ಕಿಬಿದ್ದಾಗ ಹೊರಬರುವ ಬಾಗಿಲೂ ಸಿದ್ಧವಿರುತ್ತದೆ. ಪವೆಲ್ ಮೇಲೆ ಡೊಮಿನಿಯನ್ ದಾವೆ ಹೂಡಿದಾಗ ಆಕೆಯ ವಕೀಲರು 2021ರ ಮಾರ್ಚಿನಲ್ಲಿ ನ್ಯಾಯಾಲಯಕ್ಕೆ ಹೇಳಿದ್ದು, ಆ ಮಾತುಗಳನ್ನು ವಿವೇಕವುಳ್ಳ ಯಾರೂ ವಾಸ್ತವದ ಹೇಳಿಕೆಗಳೆಂದು ತೆಗೆದುಕೊಳ್ಳುವುದಿಲ್ಲ ಎಂದು. ಅದಕ್ಕೂ ಮೊದಲು, 2020ರ ಸೆಪ್ಟೆಂಬರಿನಲ್ಲಿ, ಕಾರ್ಲ್‌ಸನ್ ಕಾರ್ಯಕ್ರಮದ ಬಗ್ಗೆ ಬೇರೊಂದು ಮಾನನಷ್ಟ ದಾವೆ ವಜಾ ಆದದ್ದೂ ಇಂಥದೇ ನೆಲೆಯಲ್ಲಿ. ಆ ಕಾರ್ಯಕ್ರಮದ ಧಾಟಿಯಿಂದಲೇ ಇದು ಅಭಿಪ್ರಾಯ, ಉತ್ಪ್ರೇಕ್ಷೆ ಎಂದು ವೀಕ್ಷಕರಿಗೆ ತಿಳಿಯಬೇಕು ಎಂದು ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿದ್ದೀತು. ಆದರೆ ಪ್ರೇಕ್ಷಕರ ಮುಂದೆ ಸತ್ಯದ ಧ್ವನಿಯಲ್ಲಿ ಮಾತಾಡಿದ್ದನ್ನು ನ್ಯಾಯಾಧೀಶರ ಮುಂದೆ ಬರೀ ಅಭಿಪ್ರಾಯವೆಂದು ಒಪ್ಪಿಸಿದ ಸಂಗತಿ ಆ ಪ್ರೇಕ್ಷಕರಲ್ಲಿ ಎಷ್ಟು ಜನಕ್ಕೆ ತಲುಪಿತು?

ಈ ವಿದ್ಯೆ ಟಿ.ವಿ. ವಿಶ್ಲೇಷಕರು ಕಂಡುಹಿಡಿದದ್ದೇನೂ ಅಲ್ಲ. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಮರುವರ್ಷದ ಜನವರಿ 4ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಬಂತು. ಸಿಗರೇಟು ಒಳ್ಳೆಯದು ಎಂದು ಅದರಲ್ಲಿ ವಾದಿಸಿರಲಿಲ್ಲ. ಕ್ಯಾನ್ಸರಿಗೆ ಕಾರಣವೇನೆಂಬ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ ಎಂಬುದು ಅದರ ಒಂದು ಮುಖ್ಯ ಮಾತಾಗಿತ್ತು. ಬ್ರೌನ್ ಆ್ಯಂಡ್ ವಿಲಿಯಮ್‌ಸನ್ ಎಂಬ ಕಂಪನಿಯ 1969ರ ಒಂದು ಒಳ ಟಿಪ್ಪಣಿ ಇನ್ನೂ ಬಿಚ್ಚಿ ಹೇಳಿತು: ಸಂದೇಹವೇ ನಮ್ಮ ಸರಕು. 2000ದ ದಶಕದ ಆರಂಭದಲ್ಲಿ ಫ್ರಾಂಕ್ ಲುಂಟ್ಜ್ ಎಂಬ ರಾಜಕೀಯ ಸಲಹೆಗಾರ ರಿಪಬ್ಲಿಕನ್ ನಾಯಕರಿಗೆ ಬರೆದುಕೊಟ್ಟ ಟಿಪ್ಪಣಿಯಲ್ಲೂ ಇದೇ ದಾರಿಯಿದೆ. ಭೂಮಿ ಬಿಸಿಯಾಗುವ ವಿಷಯದಲ್ಲಿ ವಿಜ್ಞಾನಿಗಳಿಗೆ ಪೂರ್ಣ ಖಚಿತತೆಯಿಲ್ಲ ಎಂಬುದನ್ನೇ ಚರ್ಚೆಯ ಮುಖ್ಯ ವಿಷಯವಾಗಿಡಿ ಎಂದು ಅವರು ಸೂಚಿಸಿದ್ದರು. 2019ರಲ್ಲಿ ಅದೇ ಲುಂಟ್ಜ್ ಅಮೆರಿಕದ ಸೆನೆಟರ್‌ಗಳ ಮುಂದೆ ಕುಳಿತು ತಾನು ಅಂದು ತಪ್ಪಿದ್ದೆ ಎಂದರು. ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ನಡುವೆ ಕಳೆದುಹೋದ ವರ್ಷಗಳು ಮಾತ್ರ ಮರಳಿ ಬರುವುದಿಲ್ಲ.

ಈಗ ನಮ್ಮ ಮತಯಂತ್ರ. ಅವು ಸಿದ್ಧವಾಗುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ (ಇ.ಸಿ.ಐ.ಎಲ್.). 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಆಮೇಲೆ ಕಾನೂನು ತಿದ್ದುಪಡಿಯಾಯಿತು. 2009ರ ಲೋಕಸಭಾ ಚುನಾವಣೆಯ ನಂತರ ಈ ಯಂತ್ರಗಳ ಬಗ್ಗೆ ಗಟ್ಟಿಯಾಗಿ ಪ್ರಶ್ನೆ ಎತ್ತಿದವರು ಬಿಜೆಪಿ ನಾಯಕರು. ನಂತರದ ವರ್ಷಗಳಲ್ಲಿ ಕಾಂಗ್ರೆಸ್ಸೂ ಇತರ ಪಕ್ಷಗಳೂ ಅದೇ ಪ್ರಶ್ನೆಯನ್ನು ಎತ್ತಿಕೊಂಡವು. ಸೋತಾಗ ಯಂತ್ರ ಕೆಟ್ಟಿರುತ್ತದೆ, ಗೆದ್ದ ರಾಜ್ಯದಲ್ಲಿ ಅದೇ ಯಂತ್ರ ಸರಿಯಿರುತ್ತದೆ. ಯಾವ ಪಕ್ಷದ ಬಾಯಲ್ಲಿ ಬಂದರೂ ಇದು ವಿತಂಡವೇ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಬಗೆಯ ಸಂದೇಹವೂ ಇತ್ತು. ನಾನು ಒತ್ತಿದ ಗುಂಡಿಗೇ ನನ್ನ ಮತ ಬಿತ್ತು ಎಂದು ನನಗೆ ತಿಳಿಯುವುದು ಹೇಗೆ ಎಂದು ಕೇಳಿದವರಿದ್ದರು. ಅವರಿಗೆ ಬೇಕಾದ ಉತ್ತರದ ಆಕಾರವೂ ಗೊತ್ತಿತ್ತು: ಕಣ್ಣಿಗೆ ಕಾಣುವ ಒಂದು ಕಾಗದದ ಚೀಟಿ. ಅವರು ನ್ಯಾಯಾಲಯಕ್ಕೆ ಹೋದರು, 2013ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟ್ ಹಂತಹಂತವಾಗಿ ಆ ಚೀಟಿಯ ವ್ಯವಸ್ಥೆ, ಅಂದರೆ ವಿವಿಪ್ಯಾಟ್, ಬರಬೇಕೆಂದು ಹೇಳಿತು. 2019ರ ಲೋಕಸಭಾ ಚುನಾವಣೆಯಲ್ಲಿ ಅದು ಎಲ್ಲ ಮತಗಟ್ಟೆಗಳಿಗೂ ಬಂತು, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿ ಎಣಿಸಿ ತಾಳೆ ನೋಡುವ ಕ್ರಮವೂ ಬಂತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಎರಡನೆಯ, ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಏಳು ದಿನದೊಳಗೆ ಅರ್ಜಿ ಕೊಟ್ಟು ಶೇ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು ಎಂಬ ದಾರಿ ತೆರೆಯಿತು. ಇದು ಸಾಕೋ ಸಾಲದೋ ಎಂದು ಇನ್ನೂ ವಾದಿಸಬಹುದು. ಐದು ಮತಗಟ್ಟೆ ಕಡಿಮೆ, ಹೆಚ್ಚಿಸಿ ಎನ್ನುವವನು ಸಂಖ್ಯೆಯನ್ನು ಮುಂದಿಟ್ಟು ಮಾತಾಡುತ್ತಿದ್ದಾನೆ, ಅವನ ಮಾತಿಗೆ ಉತ್ತರ ಕೊಡುವ ಹೊಣೆ ಚುನಾವಣಾ ಆಯೋಗದ ಮೇಲಿದೆ. ಆಯೋಗ ಅಂಥ ಪ್ರಶ್ನೆಗೆ ಮೌನವಾದರೆ, ದಾಖಲೆ ಕೊಡಲು ತಡಮಾಡಿದರೆ, ವಿತಂಡಿಗಳಿಗೆ ತಾನೇ ಹೊಲ ಉತ್ತು ಕೊಟ್ಟಂತೆ. ಇದನ್ನು ಹೇಳದೆ ಹೋದರೆ ನನ್ನ ಉತ್ತರ ಅರ್ಧವಾಗುತ್ತದೆ.

ನಿಮ್ಮ ತಮ್ಮನ ಜೊತೆ ಮಾತಾಡುವಾಗ ಅವನ ವಿಶ್ಲೇಷಕರನ್ನು ಬೈಯಬೇಡಿ, ಅವನು ಅವರ ಪರ ನಿಲ್ಲುತ್ತಾನೆ. “ಏನು ನಡೆದಿದೆ?” ಎಂದೂ ಮತ್ತೆ ಕೇಳಬೇಡಿ, ಅದಕ್ಕೆ ಉತ್ತರವಿಲ್ಲವೆಂದು ಇಬ್ಬರಿಗೂ ಗೊತ್ತು. ಇದೊಂದನ್ನು ಕೇಳಿ: “ಯಾವ ದಾಖಲೆ ಬಂದರೆ ನಿನ್ನ ಅನುಮಾನ ಹೋಗುತ್ತದೆ, ಹೇಳು.” ಕೈಯಿಂದ ಎಣಿಸಬೇಕಿತ್ತು ಎಂದರೆ ಜಾರ್ಜಿಯಾ ಇದೆ. ತಮ್ಮವರೇ ಪರಿಶೀಲಿಸಬೇಕಿತ್ತು ಎಂದರೆ ಮಾರಿಕೋಪಾ ಇದೆ. ಯಾವುದು ಬಂದರೂ ಹೋಗುವುದಿಲ್ಲ ಎಂದರೆ, ಅಥವಾ ಸುಮ್ಮನಾದರೆ, ನೀವೂ ಸುಮ್ಮನಾಗಿ. ಆ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ. ಊರಿನ ಸುದ್ದಿ ಹೇಳಿ, ಮಕ್ಕಳ ಬಗ್ಗೆ ಕೇಳಿ, ಫೋನ್ ಇಡಿ. ಇನ್ನೊಂದು ದಿನ ಅವನೇ ಆ ವಿಷಯ ತೆಗೆದರೆ ಆಂಟ್ರಿಮ್‌ನ ಆ 12 ಮತಗಳ ವಿಷಯ ಹೇಳಿ. ಎಂಜಿನಿಯರ್ ಆದವನಿಗೆ ಎಣಿಸಿ ನೋಡಿದ ಲೆಕ್ಕದ ಮೇಲೆ ಗೌರವ ಇದ್ದೇ ಇರುತ್ತದೆ.